ಕಳಲೆಯ ವೈದ್ಯಗ್ರಂಥವೂ ಗ್ರಂಥಾಲಯದ ಸೂಚಿಯೂ

ನಂಜನಗೂಡಿನ ಸಮೀಪದ ಕಳಲೆ ಎಂದೊಡನೆ ಮೈಸೂರಿನ ದಳವಾಯಿಗಳು ನೆನಪಾಗುತ್ತಾರೆ. ಅವರಲ್ಲೊಬ್ಬನಾದ ವೀರರಾಜ 18ನೇ ಶತಮಾನದ ಆರಂಭದಲ್ಲಿ 'ವೈದ್ಯಸಂಹಿತಾ ಸಾರಾರ್ಣವ' ಎಂಬ ಗ್ರಂಥ ರಚಿಸಿದ್ದು ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ. ಹೆಸರೇ ಹೇಳುವಂತೆ ಇದು ವೈದ್ಯ ಸಂಹಿತೆಗಳ ಸಾರಸಂಗ್ರಹ. ಮುದ್ರಣ ಬಳಕೆಗೆ ಬಾರದಿದ್ದ ಕಾಲದಲ್ಲಿ ಹತ್ತಾರು ಓಲೆಕಟ್ಟುಗಳನ್ನು ತಡಕಾಡುವ ಶ್ರಮ ತಪ್ಪಿಸುವ ಇಂಥ ಸಂಗ್ರಹವೇ ವೈದ್ಯನ ಪಾಲಿಗೆ ಗ್ರಂಥಾಲಯ.

ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಆರಂಭವಾದದ್ದು 1891ರಲ್ಲಿ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಈ ಸಂಸ್ಥೆಯಲ್ಲಿ ಆಯುರ್ವೇದದ ಹಸ್ತಪ್ರತಿಗಳೂ ಇವೆ. ಅವು ಉಳಿದದ್ದೇ ದೊಡ್ಡ ಉಪಕಾರ. ಆದರೆ ನಮ್ಮ ಹಸ್ತಪ್ರತಿ ಸೂಚಿಗಳ ಸಾಮಾನ್ಯ ಕ್ರಮದ ಬಗ್ಗೆ ಒಂದು ಆಕ್ಷೇಪವಿದೆ. ಗ್ರಂಥದ ಹೆಸರು, ಕರ್ತೃ, ಲಿಪಿ, ಗರಿಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಸಾಲುಗಳು: ಸಾಹಿತ್ಯದ ವಿದ್ಯಾರ್ಥಿಗೆ ಇಷ್ಟು ಸಾಕು. ಕಾಮಾಲೆಗೆ ಯಾವ ಗ್ರಂಥದಲ್ಲಿ ಯಾವ ಗಿಡ ಹೇಳಿದೆ ಎಂದು ಕೇಳುವ ಸಸ್ಯವಿಜ್ಞಾನಿ ಬರಿಗೈಯಲ್ಲಿ ಹಿಂತಿರುಗಬೇಕು.

ಅಮೆರಿಕದ ಸೇನಾ ವೈದ್ಯ ಜಾನ್ ಷಾ ಬಿಲ್ಲಿಂಗ್ಸ್ ಈ ಕೊರತೆಯನ್ನು ಬಹಳ ಹಿಂದೆಯೇ ಗುರುತಿಸಿದ. 1879ರಲ್ಲಿ ಅವನು ಆರಂಭಿಸಿದ 'ಇಂಡೆಕ್ಸ್ ಮೆಡಿಕಸ್' ವೈದ್ಯಕೀಯ ಲೇಖನಗಳನ್ನು ವಿಷಯವಾರು ಪಟ್ಟಿಮಾಡಿತು. ಇಂದಿನ ಪಬ್‌ಮೆಡ್ ಅದೇ ಪರಂಪರೆಯದು.

ಇದು ಗ್ರಂಥಪಾಲಕರಿಗಷ್ಟೇ ಸೇರಿದ ವಿಷಯವಲ್ಲ. ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ನಮ್ಮ ಅಜ್ಜಿಯರಿಗೆಲ್ಲ ತಿಳಿದ ಸಂಗತಿ! ಅಜ್ಜಿಯ ಮಾತು ಅಲ್ಲಿ ನಡೆಯುವುದಿಲ್ಲ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 32 ಲಿಖಿತ ಉಲ್ಲೇಖಗಳನ್ನು ಹುಡುಕಿ ಒಪ್ಪಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಓಲೆಯಲ್ಲಿದ್ದೂ ಕೈಗೆ ಸಿಗದ ಉಲ್ಲೇಖ ಇಂಥ ವಾದಕ್ಕೆ ಒದಗದು. ಉಲ್ಲೇಖ ಸಿಕ್ಕ ಮಾತ್ರಕ್ಕೆ ಮದ್ದು ಫಲಕಾರಿ ಎಂದೂ ಅಲ್ಲ. ಅದನ್ನು ಪ್ರಯೋಗಗಳೇ ತೀರ್ಮಾನಿಸಬೇಕು.

ಕನ್ನಡ ವೈದ್ಯಗ್ರಂಥಗಳಿಗೆ ರೋಗ ಮತ್ತು ಔಷಧಿಗಳ ಸೂಚಿ ತಯಾರಿಸುವುದು ಒಬ್ಬ ಪಂಡಿತನ ಕೆಲಸವಲ್ಲ. 'ಬ್ರಾಹ್ಮಿ' ಎಂಬ ಒಂದೇ ಪದ ನೋಡಿ. ಕೆಲವರಿಗೆ ಅದು ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಓಲೆ ಓದಬಲ್ಲವರ ಪಕ್ಕದಲ್ಲಿ ಸಸ್ಯಶಾಸ್ತ್ರಜ್ಞರೂ ಕುಳಿತರೆ ಮಾತ್ರ ಇಂಥ ನಮೂದು ಸರಿಯಾದೀತು.