ವಿಶಲ್‌ಗಿಂತ ಮೊದಲು ಕಾಲು

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2015ರ ಮಾರ್ಚ್‌ನಿಂದ ಒಂದು ವರದಿ ಪ್ರಕಟಿಸುತ್ತಾ ಬಂದಿದೆ. ಈಗಿನ ಪದ್ಧತಿಯಂತೆ, ಕೊನೆಯ ಎರಡು ನಿಮಿಷಗಳಲ್ಲಿ ಅಂತರ ಮೂರು ಅಂಕದೊಳಗೆ ಬಂದರೆ ಸಾಕು. ಮಾರನೆಯ ದಿನ ಆ ಹೊತ್ತಿನ ಮುಖ್ಯ ತೀರ್ಪುಗಳನ್ನೆಲ್ಲ ವಿಡಿಯೊದಲ್ಲಿ ಮತ್ತೆ ನೋಡಿ, ಊದಿದ್ದು ಸರಿ, ಊದಿದ್ದು ತಪ್ಪು, ಊದದಿದ್ದದ್ದು ಸರಿ, ಊದದಿದ್ದದ್ದು ತಪ್ಪು ಎಂಬ ನಾಲ್ಕು ಖಾನೆಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಪಾರದರ್ಶಕತೆ ಎಂದು ಹೊಗಳುವವರಿದ್ದಾರೆ, ಸೋತವರ ಗಾಯಕ್ಕೆ ಉಪ್ಪು ಎಂದು ಬೈಯುವವರೂ ಇದ್ದಾರೆ. ನನ್ನ ತಕರಾರು ಬೇರೆ, ಈ ಅಂಕಣದ ಹಳೆಯ ಓದುಗರಿಗೆ ಅದು ಬಾಯಿಪಾಠವಾಗಿರಬೇಕು. ಆ ವರದಿಯಲ್ಲಿ ಐದನೆಯ ಖಾನೆ ಇಲ್ಲ: ಆ ಕ್ಷಣಕ್ಕೆ ರೆಫರಿ ಎಲ್ಲಿ ನಿಂತಿದ್ದರು, ಯಾರನ್ನು ನೋಡುತ್ತಿದ್ದರು? ಈ ಖಾಲಿ ಖಾನೆಯ ಲೆಕ್ಕ ಮುಗಿಸಬೇಕು.

2023ರ ಜನವರಿ 28ರ ಬಾಸ್ಟನ್ ಪಂದ್ಯವನ್ನೇ ತೆಗೆದುಕೊಳ್ಳಿ. ಲೇಕರ್ಸ್ ಮತ್ತು ಸೆಲ್ಟಿಕ್ಸ್ 105-105ರಲ್ಲಿ ಸಮ, ಕೊನೆಯ ಕ್ಷಣ, ಲೇಕರ್ಸ್‌ನ ಲೆಬ್ರಾನ್ ಜೇಮ್ಸ್ ಲೇಅಪ್‌ಗೆ ನುಗ್ಗಿದರು, ಬಾಸ್ಟನ್‌ನ ಜೇಸನ್ ಟೇಟಮ್ ಅವರ ಕೈ ಲೆಬ್ರಾನ್‌ರ ಎಡಗೈಗೆ ಬಡಿಯಿತು. ವಿಶಲ್ ಇಲ್ಲ. ಓವರ್‌ಟೈಮ್‌ನಲ್ಲಿ ಬಾಸ್ಟನ್ 125-121ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಮುಖ್ಯ ರೆಫರಿ ಎರಿಕ್ ಲೂಯಿಸ್, ಸಂಪರ್ಕವಾಗಿದ್ದು ನಿಜ, ಆಟ ನಡೆಯುವಾಗ ನಮಗೆ ಫೌಲ್ ಕಾಣಲಿಲ್ಲ ಎಂದರು. ರೆಫರಿಗಳ ಸಂಘವೂ ತಪ್ಪೊಪ್ಪಿಕೊಂಡಿತು. ಲೇಕರ್ಸ್‌ನ ಪ್ಯಾಟ್ರಿಕ್ ಬೆವರ್ಲಿ ಅಂಗಣದ ಪಕ್ಕದಲ್ಲಿದ್ದ ಛಾಯಾಗ್ರಾಹಕರ ಕ್ಯಾಮೆರಾವನ್ನೇ ತಂದು ರೆಫರಿಯ ಮುಂದೆ ಹಿಡಿದು ಟೆಕ್ನಿಕಲ್ ಫೌಲ್ ಗಿಟ್ಟಿಸಿಕೊಂಡರು. ಎಲ್ಲರೂ ನಕ್ಕ ಆ ದೃಶ್ಯದಲ್ಲೇ ನನ್ನ ವಾದದ ಅರ್ಧ ಇದೆ. ಆ ಛಾಯಾಗ್ರಾಹಕರಿಗೆ ನಿಯಮಪುಸ್ತಕದ ಗಂಧ ಬೇಕಿರಲಿಲ್ಲ, ಅವರು ಕೂತ ಜಾಗ ಸರಿಯಾಗಿತ್ತು. ಮರುದಿನದ ವರದಿ ‘ಊದದಿದ್ದದ್ದು ತಪ್ಪು’ ಎಂದು ಬರೆದು ಕೈ ತೊಳೆದುಕೊಂಡಿತು. ಮೂವರು ರೆಫರಿಗಳಲ್ಲಿ ಆ ಎಡಗೈ ಯಾರ ಪಾಲಿನದು, ಅವರಿಗೆ ಅದು ಏಕೆ ಕಾಣಲಿಲ್ಲ ಎಂಬುದು ಅದರಲ್ಲಿಲ್ಲ.

ಲೇಅಪ್‌ಗೆ ನುಗ್ಗುವವನಿಗೂ ಪಕ್ಕದಲ್ಲೇ ಓಡುವ ಡಿಫೆಂಡರ್‌ಗೂ ನಡುವೆ ಅಂಗೈ ಅಗಲದ ಸಂದು ಇರುತ್ತದೆ. ಆ ಸಂದು ಕಂಡವರಿಗೆ ಫೌಲ್ ಕಾಣುತ್ತದೆ, ಉಳಿದವರದು ಊಹೆ. ಆಟದ ಹಿಂದಿನಿಂದ ಬರುವ ಟ್ರೇಲ್ ರೆಫರಿ ಚೆಂಡಿನ ನೇರ ಹಿಂದೆಯೇ ಓಡಿಬಂದರೆ ಎರಡು ಬೆನ್ನುಗಳು ಒಂದರ ಮೇಲೊಂದು ಬಿದ್ದು ಸಂದು ಮುಚ್ಚಿಹೋಗುತ್ತದೆ. ಮುಂದಿನ ಸಾಲಿನಲ್ಲಿ ದೊಡ್ಡ ಪೇಟದವರು ಕೂತಾಗ ಹಿಂದಿನವರು ಯಕ್ಷಗಾನ ನೋಡಿದ ಹಾಗೆ: ಚೆಂಡೆ ಕೇಳುತ್ತದೆ, ಹೆಜ್ಜೆ ಕಾಣುವುದಿಲ್ಲ. ಆಗ ಮೂರು ಹೆಜ್ಜೆ ಮುಂದೆ ನುಗ್ಗಿದರೆ ಇನ್ನೂ ಕುರುಡು, ಒಂದೇ ಹೆಜ್ಜೆ ಪಕ್ಕಕ್ಕೆ ಸರಿದರೆ ಬಾಗಿಲು ತೆರೆಯುತ್ತದೆ. ಸರಿದ ಮೇಲೆ ನಿಲ್ಲಬೇಕು, ಓಡುವ ಕಣ್ಣು ಅಲುಗಾಡುತ್ತದೆ. ನಿಂತ ಮೇಲೆ ಚೆಂಡನ್ನು ಮರೆತು ಡಿಫೆಂಡರ್‌ನ ಪಾದ, ಎದೆ, ತೋಳು ನೋಡಬೇಕು. ಇದೆಲ್ಲ ಸಂಪರ್ಕಕ್ಕೆ ಒಂದೆರಡು ಸೆಕೆಂಡ್ ಮೊದಲೇ ಮುಗಿದಿರಬೇಕಾದ ಕೆಲಸ. ಕೊನೆಯ ನಿಮಿಷದ ಗದ್ದಲದಲ್ಲಿ ಚೆಂಡು ಕಣ್ಣನ್ನು ಸೆಳೆಯುತ್ತದೆ, ಬೇಸ್‌ಲೈನ್ ಕಾಯುವ ಲೀಡ್ ರೆಫರಿ ಅದರ ಇನ್ನೊಂದು ಬದಿಗೆ ದಾಟುವುದು ತಡವಾಗಿ ರಿಂಗ್‌ನ ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ, ಅತ್ತ ಪಕ್ಕದ ಗೆರೆಯಲ್ಲಿ ನಿಂತ ಸೆಂಟರ್ ರೆಫರಿ ‘ಅದು ಲೀಡ್‌ನ ತೀರ್ಪು’ ಎಂದು ಸುಮ್ಮನಾಗುತ್ತಾರೆ. ಮೂವರೂ ನೋಡುತ್ತಿರುತ್ತಾರೆ, ಯಾರಿಗೂ ಕಾಣುವುದಿಲ್ಲ.

ಚೆಂಡು ಬಿಟ್ಟು ಮನುಷ್ಯರನ್ನು ನೋಡಬೇಕೆಂಬ ಮಾತು ಹೊಸದೇನಲ್ಲ. 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲೇ ಇದರ ಬೇರಿದೆ. ಹತ್ತನೆಯ ನಿಯಮದ ಪ್ರಕಾರ ಅಂಪೈರ್ ಆಟಗಾರರ ನ್ಯಾಯಾಧೀಶ: ಫೌಲ್‌ಗಳನ್ನು ಗುರುತಿಸಿಕೊಳ್ಳುವುದು, ಸತತ ಮೂರಾದರೆ ರೆಫರಿಗೆ ತಿಳಿಸುವುದು ಅವರ ಕೆಲಸ, ಆಟಗಾರನನ್ನು ಹೊರಗೆ ಹಾಕುವ ಅಧಿಕಾರವೂ ಅವರದೇ. ಹನ್ನೊಂದನೆಯದರಲ್ಲಿ ರೆಫರಿ ಚೆಂಡಿನ ನ್ಯಾಯಾಧೀಶ: ಚೆಂಡು ಯಾವಾಗ ಆಟದಲ್ಲಿದೆ, ಗೆರೆಯೊಳಗಿದೆಯೇ, ಯಾರ ಪಾಲು, ಗೋಲ್ ಆಯಿತೇ, ಸಮಯ ಎಷ್ಟಾಯಿತು. ಚೆಂಡು ನೋಡುವ ಕಣ್ಣು ಬೇರೆ, ಮನುಷ್ಯರನ್ನು ನೋಡುವ ಕಣ್ಣು ಬೇರೆ ಎಂದು ಆಟ ಹುಟ್ಟಿದಾಗಲೇ ತೀರ್ಮಾನವಾಗಿತ್ತು. ಡ್ರಿಬಲ್ ಇಲ್ಲದ, ಪೀಚ್ ಬುಟ್ಟಿಗೆ ಎಸೆಯುತ್ತಿದ್ದ ಆಟಕ್ಕೇ ಎರಡು ಜೊತೆ ಕಣ್ಣು ಬೇಕೆನಿಸಿತ್ತು. ಇವತ್ತಿನ ವೇಗದಲ್ಲಿ ಒಬ್ಬರೇ ಎರಡನ್ನೂ ನೋಡಲಿ ಎನ್ನುವುದು ಯಾವ ನ್ಯಾಯ?

ಇನ್ನು ನನ್ನ ಹಳೆಯ ಜಗಳಗಂಟರತ್ತ. ಕೊನೆಯ ನಿಮಿಷದಲ್ಲಿ ವಿಶಲ್ ನುಂಗಿಕೊಳ್ಳಿ, ಆಟಗಾರರೇ ಪಂದ್ಯ ತೀರ್ಮಾನಿಸಲಿ ಎನ್ನುವ ಪಂಥ ಒಂದಿದೆ. ಅವರು ತಪ್ಪದೆ ಎತ್ತಿ ತೋರಿಸುವುದು 2024ರ ಫೆಬ್ರುವರಿ 12ರ ಹ್ಯೂಸ್ಟನ್ ಪಂದ್ಯ. 103-103ರ ಸಮ, 0.3 ಸೆಕೆಂಡ್ ಬಾಕಿ, ರಾಕೆಟ್ಸ್‌ನ ಆರನ್ ಹಾಲಿಡೇ ದೂರದಿಂದ ಎಸೆದರು, ನಿಕ್ಸ್‌ನ ಜೇಲನ್ ಬ್ರನ್ಸನ್ ಮೇಲೆ ಫೌಲ್ ಬಿತ್ತು. ಎರಡು ಫ್ರೀ ಥ್ರೋ ಒಳಗೆ ಹೋಗಿ ರಾಕೆಟ್ಸ್ 105-103ರಿಂದ ಗೆದ್ದರು. ಅದು ಊದಬಾರದ ಫೌಲ್ ಎಂದು ಮುಖ್ಯ ರೆಫರಿ ಎಡ್ ಮಲಾಯ್ ಅವರೇ ಆಮೇಲೆ ಹೇಳಿದರು. ಹಾಗಾದರೆ ಸುಮ್ಮನಿರುವುದೇ ಲೇಸಲ್ಲವೇ? ಅಲ್ಲ. ಬಾಸ್ಟನ್‌ನಲ್ಲಿ ಸುಮ್ಮನಿದ್ದದ್ದೂ ಒಂದು ತಂಡಕ್ಕೇ ಲಾಭ ಕೊಟ್ಟಿತು. ಹ್ಯೂಸ್ಟನ್‌ನ ಪಾಠ ಊದಬೇಡಿ ಎಂಬುದಲ್ಲ, ಚೆಂಡು ಕೈಬಿಟ್ಟಿದ್ದು ಮೊದಲೋ ಮೈ ತಗುಲಿದ್ದು ಮೊದಲೋ ಎಂದು ಕಾಣದೆ ಊದಬೇಡಿ ಎಂಬುದು. ಆ ಪಂದ್ಯದ ಬಗ್ಗೆ ನಿಕ್ಸ್ ಸಲ್ಲಿಸಿದ ಪ್ರತಿಭಟನೆಯನ್ನು ಲೀಗ್ ತಳ್ಳಿಹಾಕಿತು: ನಿಯಮ ತಪ್ಪಾಗಿ ಅನ್ವಯವಾಗಿದ್ದರೆ ಮಾತ್ರ ದೂರು ನಿಲ್ಲುತ್ತದೆ, ವಿವೇಚನೆಯ ತಪ್ಪಿಗೆ ದೂರಿಲ್ಲ. ಕಾನೂನಿನ ದೃಷ್ಟಿಯಿಂದ ಸರಿಯೇ. ಆದರೆ ಈ ವಿಭಜನೆಯಿಂದ ವಿವೇಚನೆಯೆಂದರೆ ರೆಫರಿಯ ತಲೆಯೊಳಗಿನ ಗುಟ್ಟು, ಅದನ್ನು ಬಿಚ್ಚಿ ನೋಡಲಾಗದು ಎಂಬ ಭಾವನೆ ಬೆಳೆದಿದೆ. ಬಿಚ್ಚಿ ನೋಡಬಹುದು. ಅದರ ಬಹುಪಾಲು ನೆಲದ ಮೇಲೆ, ಶೂಗಳು ಇದ್ದ ಜಾಗದಲ್ಲೇ ಇರುತ್ತದೆ.

ರೀಪ್ಲೇ ಪಂಥದವರ ಆಕ್ಷೇಪ ಇದಕ್ಕಿಂತ ಗಟ್ಟಿ: ಹತ್ತು ಕ್ಯಾಮೆರಾ ಇರುವಾಗ ರೆಫರಿ ಎಲ್ಲಿ ನಿಂತರೇನು? ಮೊದಲನೆಯದಾಗಿ, ಊದದಿದ್ದ ಫೌಲನ್ನು ಎನ್‌ಬಿಎಯಲ್ಲಿ ಕೋಚ್ ಚಾಲೆಂಜ್ ಮಾಡಿ ರೀಪ್ಲೇಗೆ ಕಳಿಸುವಂತಿಲ್ಲ, ಹಾಗಾಗಿ ಬಾಸ್ಟನ್‌ನಲ್ಲಿ ಹತ್ತೂ ಕ್ಯಾಮೆರಾ ದಂಡ. ಎರಡನೆಯದಾಗಿ, 2018ರ ಫೈನಲ್ಸ್‌ನ ಮೊದಲ ಪಂದ್ಯ ನೆನೆಯಿರಿ. 36.4 ಸೆಕೆಂಡ್ ಬಾಕಿ, ಕ್ಲೀವ್‌ಲ್ಯಾಂಡ್ 104-102ರಿಂದ ಮುಂದೆ, ವಾರಿಯರ್ಸ್‌ನ ಕೆವಿನ್ ಡ್ಯುರಾಂಟ್ ಮೇಲೆ ಚಾರ್ಜ್, ಅಂದರೆ ನುಗ್ಗಿದವನ ಫೌಲ್, ಊದಿದರು. ಆಗ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ಲೆಬ್ರಾನ್‌ರ ಪಾದ ರಿಂಗ್‌ನಡಿಯ ನಿರ್ಬಂಧಿತ ಅರ್ಧವೃತ್ತದೊಳಗಿತ್ತೇ ಎಂಬ ಅನುಮಾನದ ಹೆಸರಲ್ಲಿ ರೀಪ್ಲೇಗೆ ಹೋದರು. ಪಾದ ಸಾಕಷ್ಟು ಹೊರಗಿತ್ತು. ಆದರೆ ಆ ಬಾಗಿಲಿನಿಂದ ಒಳಹೊಕ್ಕವರು ಚಾರ್ಜನ್ನು ಬ್ಲಾಕ್ ಎಂದು, ಅಂದರೆ ಡಿಫೆಂಡರ್‌ನ ಫೌಲ್ ಎಂದು, ಬದಲಾಯಿಸಿ ಹೊರಬಂದರು. ಡ್ಯುರಾಂಟ್ ಎರಡು ಫ್ರೀ ಥ್ರೋ ಹಾಕಿ ಸಮಮಾಡಿದರು, ಓವರ್‌ಟೈಮ್‌ನಲ್ಲಿ ವಾರಿಯರ್ಸ್ ಗೆದ್ದರು. ಬದಲಾದ ತೀರ್ಪು ಸರಿಯೋ ತಪ್ಪೋ ಎಂದು ಇವತ್ತಿಗೂ ಕಚ್ಚಾಡುತ್ತಾರೆ, ಕಚ್ಚಾಡುವವರೆಲ್ಲ ನೋಡಿದ್ದು ಅದೇ ವಿಡಿಯೊ. ಪಾದ ಗೆರೆಯ ಮೇಲಿತ್ತೇ, ಚೆಂಡು ಯಾರ ಬೆರಳಿಗೆ ಕೊನೆಗೆ ತಗುಲಿತು, ಇವಕ್ಕೆ ವಿಡಿಯೊವೇ ದೊರೆ. ಎದುರಾಳಿ ಮೇಲಕ್ಕೆ ನೆಗೆಯುವ ಮೊದಲೇ ಡಿಫೆಂಡರ್ ಜಾಗ ಹಿಡಿದಿದ್ದನೇ ಎಂಬುದು ಚಲನೆಯ ಲಯದ ಪ್ರಶ್ನೆ, ನಿಧಾನಗತಿಯಲ್ಲಿ ಆ ಲಯವೇ ಕೆಡುತ್ತದೆ.

ನಿಲ್ಲುವ ಜಾಗದಷ್ಟೇ ನೋಡುವ ಕೋನಗಳ ಸಂಖ್ಯೆಯೂ ಮುಖ್ಯ. ಮೂವರು ರೆಫರಿಗಳ ಪದ್ಧತಿ ಎನ್‌ಬಿಎಯಲ್ಲಿ ಕಾಯಂ ಆಗಿದ್ದು 1988-89ರಲ್ಲಿ. ಅದರ ಹಿಂದಿನ ಋತುವಿನ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ, 14 ಸೆಕೆಂಡ್ ಬಾಕಿಯಿರುವಾಗ ಲೇಕರ್ಸ್‌ನ ಕರೀಮ್ ಅಬ್ದುಲ್ ಜಬ್ಬಾರ್ ಅವರ ಹುಕ್ ಎಸೆತಕ್ಕೆ ಡೆಟ್ರಾಯಿಟ್‌ನ ಬಿಲ್ ಲ್ಯಾಂಬೀರ್ ಮೇಲೆ ಬಿದ್ದ ಫೌಲ್ ಆ ಊರಿನವರಿಗೆ ಇನ್ನೂ ಜೀರ್ಣವಾಗಿಲ್ಲ. ಮೂರನೆಯವರಿದ್ದರೆ ತೀರ್ಪು ಬೇರೆಯಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಇನ್ನೊಂದು ಕೋನ ಸಿಗುತ್ತಿತ್ತು, ಅಷ್ಟೇ. ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮ ಇಂದಿಗೂ ಮುಖ್ಯ ರೆಫರಿಯ ಜೊತೆಗೆ ಒಬ್ಬರು ಅಥವಾ ಇಬ್ಬರು ಅಂಪೈರ್ ಎನ್ನುತ್ತದೆ, ನಮ್ಮ ಕಾಲೇಜು ಮತ್ತು ಜಿಲ್ಲಾ ಪಂದ್ಯಗಳಲ್ಲಿ ಇಬ್ಬರೇ ಇರುವುದು ಸಾಮಾನ್ಯ. ಅಲ್ಲಿ ಟ್ರೇಲ್ ಒಳಕ್ಕೆ ಸರಿಯದಿದ್ದರೆ ಎದುರು ಬದಿ ಪೂರ್ತಿ ಅನಾಥ. ಆಮೇಲೆ ಚರ್ಚಿಸಲು ಉಳಿಯುವುದು ಗ್ಯಾಲರಿಯಿಂದ ಯಾರೋ ತೆಗೆದ ಮೊಬೈಲ್ ವಿಡಿಯೊ, ಅದರಲ್ಲೂ ಝೂಮ್ ಚೆಂಡಿನ ಹಿಂದೆಯೇ ಓಡಿರುತ್ತದೆ, ರೆಫರಿಗಳ ಸುಳಿವೇ ಇರುವುದಿಲ್ಲ. ಟೂರ್ನಿ ನಡೆಸುವವರು ವಿಡಿಯೊ ತೆಗೆಯುವ ಹುಡುಗನಿಗೆ ಮೊದಲೇ ಹೇಳಿಡಲಿ: ಎತ್ತರದಲ್ಲಿ ಕೂರು, ಝೂಮ್ ಮುಟ್ಟಬೇಡ, ರೆಫರಿಗಳಿಬ್ಬರೂ ಸದಾ ಫ್ರೇಮಿನೊಳಗಿರಲಿ.