ಹೊಸದುರ್ಗದ ಬಸ್ಸಿನ ಬೋರ್ಡನ್ನು ನೋಡುವ ಬಗೆ

ಬೋರ್ಡಿನ ಅಂದವನ್ನು ಸವಿಯಲು ಕಲಿಯುವವರು ಬಣ್ಣ, ನೆರಳು, ಬಳ್ಳಿಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಊರ ಹೆಸರಿನ ಅಕ್ಷರಗಳನ್ನೇ ದಿಟ್ಟಿಸಬೇಕು. ಅದಕ್ಕೆ ಚಿತ್ರದುರ್ಗದ ಬಸ್ ನಿಲ್ದಾಣ ಒಳ್ಳೆಯ ಜಾಗ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ: ಈ ನಾಲ್ಕರಲ್ಲಿ ಮೂರು ಹೆಸರು ‘ಹ’ದಿಂದ ಶುರು, ಅವುಗಳಲ್ಲಿ ಎರಡು ‘ಹೊ’ದಿಂದ, ಎರಡು ಹೆಸರು ‘ದುರ್ಗ’ದಲ್ಲಿ ಮುಗಿಯುತ್ತವೆ. ಹೊಸದುರ್ಗವನ್ನು ಹೊಳಲ್ಕೆರೆಯಿಂದ ಬೇರೆ ಮಾಡುವ ಗುರುತು ಮೊದಲಕ್ಷರದಲ್ಲಿಲ್ಲ, ಚಿತ್ರದುರ್ಗದಿಂದ ಬೇರೆ ಮಾಡುವ ಗುರುತು ಕೊನೆಯಲ್ಲಿಲ್ಲ. ‘ಲ್ಕೆ’ಯ ಅಡಿಯ ಕ-ಒತ್ತು, ‘ತ್ರ’ದ ಅಡಿಯ ರ-ಒತ್ತು, ಹಿರಿಯೂರಿನ ಎರಡು ಗುಡಿಸುಗಳು, ಹೀಗೆ ಗುರುತೆಲ್ಲ ನಡುವಿನಲ್ಲಿ, ಅಕ್ಷರದ ನೆತ್ತಿಯಲ್ಲಿ, ಕಾಲಡಿಯಲ್ಲಿ. ಬಹುಪಾಲು ಅಕ್ಷರಗಳಿಗೆ ಸಮಾನವಾದ ತಲೆಕಟ್ಟು ಹೇಳುವುದು ಕಡಿಮೆ. ಈ ಚಿಕ್ಕ ಗುರುತುಗಳಿಗೆ ಬರೆದವರು ಎಷ್ಟು ಉಸಿರಾಡುವ ಜಾಗ ಬಿಟ್ಟಿದ್ದಾರೆ ಎಂಬುದರಲ್ಲೇ ಕನ್ನಡ ಫಲಕದ ಸೊಗಸಿದೆ.

ಇದು ಬರಿಯ ಅಭಿರುಚಿಯ ಮಾತಲ್ಲ, ಕಣ್ಣಿನ ರಚನೆಯೇ ಹೀಗೆ ಕೇಳುತ್ತದೆ. ನಮ್ಮ ನೋಟದಲ್ಲಿ ನಿಚ್ಚಳವಾಗಿ ಕಾಣುವ ಭಾಗ ಸುಮಾರು ಎರಡು ಡಿಗ್ರಿ ಮಾತ್ರ, ಅಂದರೆ ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. ಅದರಾಚೆ ಅಕ್ಷರಗಳು ಒಂದನ್ನೊಂದು ನುಂಗುತ್ತವೆ. ನೋಟದ ನಡುವಿನಿಂದ ಒಂದು ಅಕ್ಷರ ಎಷ್ಟು ದೂರದಲ್ಲಿದೆಯೋ ಅದರ ಸುಮಾರು ಅರ್ಧದಷ್ಟು ಅಂತರದೊಳಗೆ ಇನ್ನೊಂದು ಗೆರೆ ಬಂದರೆ ಗುರುತು ಹತ್ತುವುದಿಲ್ಲ ಎಂದು ಹರ್ಮನ್ ಬೌಮಾ 1970ರಲ್ಲಿ ತೋರಿಸಿದರು. ಇನ್ನು ಅಕ್ಷರದ ಗಾತ್ರ. 1862ರಲ್ಲಿ ಹರ್ಮನ್ ಸ್ನೆಲೆನ್ ಕಣ್ಣಿನ ಪರೀಕ್ಷೆಗೆ ಮಾಡಿಕೊಟ್ಟ ಅಳತೆಯಂತೆ, ಒಳ್ಳೆಯ ಕಣ್ಣು ಓದಲು ಅಕ್ಷರ ಡಿಗ್ರಿಯ ಹನ್ನೆರಡನೇ ಒಂದು ಪಾಲಿನಷ್ಟಾದರೂ ಇರಬೇಕು. ಈ ಲೆಕ್ಕವನ್ನು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹಚ್ಚಿ ನೋಡಿ. 30 ಸೆಂಟಿಮೀಟರ್ ಎತ್ತರದ ಅಕ್ಷರ ಸುಮಾರು 200 ಮೀಟರ್ ದೂರದಿಂದ ಕಾಣುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಚಾಲಕರಿಗೆ ಒಂಬತ್ತು ಸೆಕೆಂಡು ಸಿಗುತ್ತದೆ. ಆದರೆ ಅದೇ ಫಲಕದಲ್ಲಿ ಒತ್ತಕ್ಷರ 10 ಸೆಂಟಿಮೀಟರ್ ಇದ್ದರೆ ಅದಕ್ಕೆ ಉಳಿಯುವುದು ಮೂರೇ ಸೆಕೆಂಡು. ಸ್ನೆಲೆನ್ನರ ಸರಳ ಗೆರೆಗಳಿಗಿಂತ ನಮ್ಮ ಅಕ್ಷರದ ಸುಳಿ ಹೆಚ್ಚು, ಹಾಗಾಗಿ ನಿಜದಲ್ಲಿ ಅಷ್ಟೂ ಸಿಗಲಾರದು.

ಒಂದೊಂದೇ ಅಕ್ಷರ ಕೂಡಿಸಿ ಯಾರು ಓದುತ್ತಾರೆ, ಊಹೆಯೇ ಸಾಕಲ್ಲವೇ ಎಂದು ಕೇಳಬಹುದು. ದಿನವೂ ಓಡಾಡುವವರಿಗೆ ಸಾಕು. ‘ದುರ್ಗ, ದುರ್ಗ’ ಎಂಬ ಕಂಡಕ್ಟರ್ ಕೂಗೇ ಅವರಿಗೆ ಬೋರ್ಡು. ಫಲಕ ಇರುವುದು ಊರಿಗೆ ಹೊಸಬರಿಗಾಗಿ, ಆಗಷ್ಟೇ ಓದು ಕಲಿತವರಿಗಾಗಿ, ಪೊರೆ ಬಂದ ಕಣ್ಣುಗಳಿಗಾಗಿ. ಊಹಿಸಲು ಆಧಾರವಿಲ್ಲದವರನ್ನು ಮುಂದಿಟ್ಟುಕೊಂಡೇ ಅದರ ಗುಣವನ್ನು ಅಳೆಯಬೇಕು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದುದು: ಒತ್ತುಗಳ ಹೊರೆ ಹೊತ್ತ ಲಿಪಿಯದ್ದೇ ತಪ್ಪು ಎಂಬುದು. ಇದನ್ನು ನಾನು ಒಪ್ಪಲಾರೆ. ತಪ್ಪು ಇರುವುದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಕೊಟ್ಟ ಎತ್ತರವನ್ನೇ ಕನ್ನಡಕ್ಕೂ ಕೊಟ್ಟು ಸಮ ಮಾಡಿದೆವೆನ್ನುವ ಎಣಿಕೆಯಲ್ಲಿ. ಹದಿನಾರು ಸಾಲು ದೀಪಗಳ ಎಲ್‌ಇಡಿ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಅಷ್ಟೂ ಸಾಲುಗಳಲ್ಲಿ ಮೈಚಾಚಬಹುದು. ‘ಲ್ಕೆ’ಗೆ ಮೇಲೆ ಎತ್ವ, ಕೆಳಗೆ ಒತ್ತು ಸೇರಿದರೆ ಮೂಲ ಅಕ್ಷರಕ್ಕೆ ಎಂಟೊಂಬತ್ತು ಸಾಲು ಉಳಿದರೆ ಹೆಚ್ಚು. ಹೆಸರನ್ನು ದೊಡ್ಡದಾಗಿಸಿ ಓಡಿಸಿದರೆ ಬೇರೆ ತೊಂದರೆ: ನೋಡಿದ ಗಳಿಗೆಯಲ್ಲಿ ‘ಹೊ’ ಮಾತ್ರ ಇದ್ದರೆ ಉಳಿದದ್ದು ಬರುವವರೆಗೆ ಕಾಯಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಅಂಗಡಿ ಮಳಿಗೆಗಳ ಫಲಕದಲ್ಲಿ ಕನ್ನಡಕ್ಕೆ ಶೇ 60ರಷ್ಟು ಜಾಗವನ್ನು, ಅದೂ ಮೇಲ್ಭಾಗದಲ್ಲಿ, ಕೊಡಿಸಿದೆ. ಅದು ಬೇಕಿತ್ತು. ಆದರೆ ಆ ಜಾಗದೊಳಗೆ ಸಾಲುಗಳ ನಡುವೆ ತೆರಪಿಲ್ಲದೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತಿದ್ದರೆ ಓದುವವರಿಗೆ ಬಂದ ಲಾಭ ಅಷ್ಟಕ್ಕಷ್ಟೇ.

ಕೊನೆಯದಾಗಿ ಗೆರೆಯ ದಪ್ಪವನ್ನು ಗಮನಿಸಿ. ರಸಿಕರ ಕಣ್ಣು ಪಳಗುವುದು ಇಲ್ಲಿಯೇ. ಹೆದ್ದಾರಿಯ ಹಸಿರು ಫಲಕದ ಬಿಳಿ ಅಕ್ಷರಗಳು ರಾತ್ರಿ ದೀಪದ ಬೆಳಕನ್ನು ಹಿಂದಕ್ಕೆ ಚಿಮ್ಮುತ್ತವೆ, ಆ ಬೆಳಕು ಕಣ್ಣೊಳಗೆ ಹರಡಿ ಗೆರೆ ಊದಿದಂತೆ ಕಾಣುತ್ತದೆ, ವಯಸ್ಸಾದವರಿಗಂತೂ ಇನ್ನೂ ಹೆಚ್ಚು. ಆಗ ‘ಧ’ದ ಸಣ್ಣ ಸೀಳು ಮುಚ್ಚಿ ‘ದ’ ಆಗುತ್ತದೆ, ‘ರ್ಗ’ದ ಅರ್ಕಾವೊತ್ತು ಗಕಾರಕ್ಕೆ ಅಂಟಿಕೊಳ್ಳುತ್ತದೆ. ಹೊಸದುರ್ಗ ರೋಡ್, ಚಿಕ್ಕಜಾಜೂರು ರೈಲು ನಿಲ್ದಾಣಗಳಲ್ಲಿ ಕಾಣುವ ಹಳದಿ ನೆಲದ ಕಪ್ಪು ಅಕ್ಷರಕ್ಕೆ ಈ ಊತವಿಲ್ಲ. ಅಲ್ಲಿ ದಪ್ಪ ಗೆರೆಯೇ ಚೆನ್ನ. ಅದೇ ದಪ್ಪವನ್ನು ಹಸಿರು ಫಲಕಕ್ಕೆ ಹಾಗೆಯೇ ಎತ್ತಿ ಹಾಕಿದರೆ ಹಗಲಲ್ಲಿ ಗಂಭೀರವಾಗಿ ಕಂಡ ಅಕ್ಷರ ರಾತ್ರಿ ಬಿಳಿಯ ಮುದ್ದೆಯಾಗುತ್ತದೆ. ತೆಳ್ಳಗೆ ಬರೆದು ಒಳಗಿನ ಬಯಲನ್ನು ಅಗಲಿಸಿದ ಫಲಕವನ್ನು ಹಗಲಿನಲ್ಲಿ ಸಪ್ಪೆಯೆಂದು ತಳ್ಳಿಹಾಕುವ ಮುನ್ನ, ಒಮ್ಮೆ ರಾತ್ರಿಯಲ್ಲಿ ನೋಡಿ.