ಪಾಟಾದ ಪರವಾಗಿ

ಅಫಜಲಪುರ ತಾಲ್ಲೂಕಿನ ಸೊನ್ನ ಅಂದರೆ ಹೊರಗಿನವರಿಗೆ ಭೀಮಾ ನದಿಯ ಬ್ಯಾರೇಜು. ಅಲ್ಲಿನ ಎರೆಹೊಲಗಳ ನಡುವೆ ಗಾಡಿ ಓಡಿಸುವವನಿಗೆ ಮೊದಲು ನೆನಪಾಗುವುದು ಮಣ್ಣು. ಮಳೆಗೆ ಉಬ್ಬಿ ಗಾಲಿಗೆ ಮೆತ್ತುವ ಎರೆ, ಬೇಸಿಗೆಯಲ್ಲಿ ಬಿರಿದು, ಟ್ರ್ಯಾಕ್ಟರ್ ಕೊರೆದ ಜಾಡನ್ನು ಹಾಗೇ ಗಟ್ಟಿಯಾಗಿಸಿಬಿಡುತ್ತದೆ. ಇಂಥ ದಾರಿಯಲ್ಲೇ ಜೀಪಿನ ಪಾಟಾದ, ಅಂದರೆ ಲೀಫ್ ಸ್ಪ್ರಿಂಗಿನ, ಬೆಲೆ ಗೊತ್ತಾಗುವುದು.

ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಎಲ್ಲಕ್ಕಿಂತ ಉದ್ದದ ಮೇನ್ ಪಟ್ಟಿಯ ಎರಡೂ ತುದಿ ಸುರುಳಿ ಸುತ್ತಿ, ಒಳಗೆ ಬುಶ್ ಕೂತಿರುತ್ತದೆ. ಅದರಡಿ ಒಂದಕ್ಕಿಂತ ಒಂದು ಗಿಡ್ಡ ಪಟ್ಟಿಗಳು. ನಡುವೆ ಸೆಂಟರ್ ಬೋಲ್ಟ್, ಆಕ್ಸಲ್‌ಗೆ ಬಿಗಿದ ಯು-ಬೋಲ್ಟ್. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ತುದಿಗಳು ದೂರ ಸರಿಯುತ್ತವೆ. ಒಂದು ಬದಿಯ ಶ್ಯಾಕಲ್ ಎಂಬ ಕೊಂಡಿ ತೂಗಾಡಿ ಅದಕ್ಕೆ ಜಾಗ ಕೊಡುತ್ತದೆ. ಪಟ್ಟಿಗಳು ತಮ್ಮತಮ್ಮಲ್ಲೇ ತಿಕ್ಕಾಡಿ ಕುಲುಕನ್ನು ಒಂದಿಷ್ಟು ನುಂಗುತ್ತವೆ. ಆಕ್ಸಲನ್ನು ಜಾಗದಲ್ಲಿ ಹಿಡಿದಿಡುವ ಕೆಲಸವೂ ಪಾಟಾದ್ದೇ. ಕಾಯಿಲ್ ಸ್ಪ್ರಿಂಗಾದರೆ ಅದಕ್ಕೆಂದೇ ಬೇರೆ ತೋಳುಗಳು ಬೇಕು.

ಕಾಯಿಲ್ ಮೆತ್ತಗೆ, ಒಪ್ಪೋಣ. 2020ರ ಥಾರ್ ಹಿಂದೂ ಮುಂದೂ ಕಾಯಿಲ್‌ಗೆ ಬಂತು, ಕೂತವರ ಸೊಂಟ ಹರಸಿತು. ಬೊಲೆರೊದ ಲೆಕ್ಕವೇ ಬೇರೆ: ಮುಂದೆ ಕಾಯಿಲ್, ಹಿಂದೆ ಪಾಟಾ. ತೊಗರಿ ಚೀಲ ಹೇರುವವರಿಗೆ ನನ್ನ ಮತ ಪಾಟಾಕ್ಕೇ. ಒಂದು ಪಟ್ಟಿ ಮುರಿದರೆ ಅದೊಂದನ್ನೇ ಬದಲಿಸಿಕೊಳ್ಳಬಹುದು. ಆದರೆ ಹೆಚ್ಚುವರಿ ಪಟ್ಟಿ ಏರಿಸುವ ಚಟ ಬೇಡ. ಹಾಗೆ ಮಾಡಿದರೆ ಖಾಲಿ ಗಾಡಿ ಕುಪ್ಪಳಿಸಿ ಗಾಲಿ ನೆಲ ಬಿಡುತ್ತದೆ. ಯು-ಬೋಲ್ಟಿನ ಬಿಗಿಯನ್ನೂ ಆಗಾಗ ನೋಡಿಸಿ. ಅದು ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜರುಗೀತು.